ಮೂರನೇ ಸಲವೂ ‘ಬೀಜದ ಕಾಣಿಕೆ’ ಕಳಿಸಬೇಕಾ?

ಪ್ರಶ್ನೆ: ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದು ಒಂದೂಕಾಲು ಎಕರೆ ಅಡಿಕೆ ತೋಟ. ಐದು ವರ್ಷದಲ್ಲಿ ಎರಡು ಬೋರ್ ತೆಗೆಸಿದೆವು. ಮೊದಲನೆಯದು 420 ಅಡಿ ಹೋದರೂ ಬರೀ ಧೂಳು. ಎರಡನೆಯದರಲ್ಲಿ 600 ಅಡಿಗೆ ನೀರು ಸಿಕ್ಕಿತು. ಎರಡು ಬೇಸಿಗೆ ಬಂತು, ಮೂರನೆಯದಕ್ಕೆ ನಿಂತಿತು. ನನ್ನ ಬಳೆಗಳು ಬ್ಯಾಂಕಿನಲ್ಲಿ ಅಡವಿವೆ. ನಮ್ಮವರು ದಿನಾ ಒಂದು ಲಾಟರಿ ತೆಗೆಯುತ್ತಾರೆ. ನಾನು ಫೋನಿನಲ್ಲಿ ಒಬ್ಬ ಪ್ರವಾದಿಯ ಪ್ರಾರ್ಥನೆ ಕೇಳುತ್ತೇನೆ. ‘ನಂಬಿಕೆಯ ಬೀಜ’ ಅಂತ ಐದೈದು ಸಾವಿರ ಎರಡು ಸಲ ಕಳಿಸಿದೆ. 21 ದಿನದಲ್ಲಿ ಬಾಗಿಲು ತೆರೆಯುತ್ತೆ ಎಂದಿದ್ದರು. ತೆರೆಯಲಿಲ್ಲ. ಈಗ ‘ನಿನ್ನ ನಂಬಿಕೆ ಸಾಲದು, ಹತ್ತು ಸಾವಿರ ಬಿತ್ತು, ಮಗನ ಓದು ಬಿಡಿಸಿ ಗಲ್ಫಿಗೆ ಕಳಿಸು, ಇದು ದೇವರ ಮಾತು’ ಎನ್ನುತ್ತಾರೆ. ಮನೆ ಹಿಂದೆ ಅಜ್ಜನ ಕಾಲದ ಸುರಂಗವಿದೆ. ಬೋರ್ ಬಂದ ಮೇಲೆ ಅತ್ತ ಯಾರೂ ಹೋಗಿಲ್ಲ. ಅದರ ಮಣ್ಣು ತೆಗೆಸಿ ಬಿಡಿಸಿ ಅಂತ ಅತ್ತೆ ಹೇಳುತ್ತಲೇ ಇರುತ್ತಾರೆ. ನಾವು ದೇವರನ್ನು ನಂಬದೆ ಬೋರ್ ನಂಬಿದ್ದಕ್ಕೆ ಹೀಗಾಯಿತಾ? ದೇವರು ದಾರಿ ತೋರಿಸುವುದು ಹೌದಾದರೆ, ಅದು ದೇವರದ್ದೇ ಮಾತು ಅಂತ ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಆ ಹತ್ತು ಸಾವಿರ ಕಳಿಸಬೇಡಿ. ಮಗನ ಓದು ಬಿಡಿಸಬೇಡಿ. ಬೋರ್ ತೆಗೆಸಿದ್ದು ಪಾಪವಲ್ಲ. ಇನ್ನು ಉದ್ದ ಉತ್ತರ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ ಬನ್ನಿ, ಸ್ವಲ್ಪ ಹೊತ್ತು ಹಿಡಿಯುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಅತ್ತೆಯ ಮಾತು. ನಾನು ಚರ್ಚಿನ ಸಭಾಪಾಲಕನ ಕೆಲಸದಿಂದ ನಿವೃತ್ತನಾದವನು, ಆದರೆ ಹುಟ್ಟಿ ಬೆಳೆದದ್ದು ಬಾಯಾರಿನ ಕಡೆ. ನಮ್ಮ ಮನೆಯ ನೀರೂ ಸುರಂಗದ್ದೇ. ಹೊರಗಿನವರಿಗೆ ಸುರಂಗ ಎಂದರೆ ರೈಲು ನುಗ್ಗುವ ದಾರಿ. ನಮಗೆ ಹಾಗಲ್ಲ. ಗುಡ್ಡದ ಮುರಕಲ್ಲನ್ನು, ಅಂದರೆ ಕೆಂಪುಕಲ್ಲನ್ನು, ಅಡ್ಡಕ್ಕೆ ಕೊರೆಯುವುದು. ಒಬ್ಬ ಆಳು ತಲೆ ತಗ್ಗಿಸಿ ನಡೆಯುವಷ್ಟೇ ಜಾಗ. ಕೋಲು ಎಂಬ ಅಳತೆಯ ಲೆಕ್ಕದಲ್ಲಿ ಒಳಗೊಳಗೆ ಹೋಗಿ, ಒಸರು, ಅಂದರೆ ನೀರು ಜಿನುಗುವ ಜಾಗ, ಸಿಕ್ಕಲ್ಲಿ ನಿಲ್ಲಿಸುವುದು. ಆ ನೀರನ್ನು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ತರುವುದು. ಪಂಪು ಬೇಡ, ಕರೆಂಟು ಬೇಡ. ಗುಡ್ಡ ಕೊಡುತ್ತದೆ, ನಾವು ಹಿಡಿದುಕೊಳ್ಳುತ್ತೇವೆ. ಕೊಡುವುದು ಸ್ವಲ್ಪ. ಆದರೆ ನಾವು ಮಲಗಿದ ಮೇಲೂ ಕೊಡುತ್ತಿರುತ್ತದೆ.

ಈಗ ಬೈಬಲಿನ ಪ್ರವಾದಿ ಯೆರೆಮೀಯನ ಹತ್ತಿರ ಹೋಗೋಣ. ಕ್ರಿ.ಪೂ. 627ರ ಸುಮಾರಿಗೆ ಪ್ರವಾದನೆ ಶುರು ಮಾಡಿದವನು. ಅವನ ಊರಿನಲ್ಲಿ ಬೇಸಿಗೆ ಪೂರ್ತಿ ಮಳೆ ಇಲ್ಲ. ಅದಕ್ಕೆ ಜನ ಸುಣ್ಣಕಲ್ಲಿನ ಬಂಡೆಯಲ್ಲಿ ಹೂಜಿ ಆಕಾರದ ತೊಟ್ಟಿ ಕೊರೆದು, ಒಳಗೆ ಸುಣ್ಣದ ಗಾರೆ ಬಳಿದು, ಮಳೆಗಾಲದ ನೀರು ತುಂಬಿಸಿಡುತ್ತಿದ್ದರು. ಗಾರೆ ಬಿರುಕು ಬಿಟ್ಟರೆ ನೀರು ಗೊತ್ತಾಗದ ಹಾಗೆ ಬಂಡೆಯೊಳಗೆ ಇಳಿದುಹೋಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಬಿಂದಿಗೆ ಇಳಿಸಿದಾಗ ತಳದಲ್ಲಿ ಕೆಸರು. ಅವನ ಪುಸ್ತಕದ ಎರಡನೇ ಅಧ್ಯಾಯದಲ್ಲಿ ದೇವರು ತನ್ನ ಜನರ ಮೇಲೆ ಹೊರಿಸುವ ದೂರು ಈ ತೊಟ್ಟಿಯದ್ದೇ. ತಪ್ಪು ಒಂದಲ್ಲ, ಎರಡು ಎನ್ನುತ್ತಾನೆ. ಉಕ್ಕುವ ಬುಗ್ಗೆಯಾದ ನನ್ನನ್ನು ಬಿಟ್ಟರು, ಅದು ಒಂದು. ನೀರು ನಿಲ್ಲದ ಬಿರುಕು ತೊಟ್ಟಿಗಳನ್ನು ತಾವೇ ಕೊರೆದುಕೊಂಡರು, ಅದು ಎರಡು.

ಈ ಮಾತನ್ನು ನಾನು ಎಷ್ಟೋ ವರ್ಷ ‘ಸೋಮಾರಿಗಳೇ, ದೇವರ ಕಡೆ ತಿರುಗಿ’ ಎಂಬ ಅರ್ಥದಲ್ಲಿ ಬೋಧಿಸಿದ್ದೆ. ಆಮೇಲೆ ಗಮನಿಸಿದೆ. ಇಲ್ಲಿ ಸೋಮಾರಿಗಳು ಯಾರೂ ಇಲ್ಲ! ಬಂಡೆ ಕೊರೆಯುವುದು ಎಂದರೆ ತಮಾಷೆಯಾ? ಬುಗ್ಗೆಯ ಹತ್ತಿರ ಕೊಡ ಹಿಡಿದರೆ ಸಾಕಿತ್ತು. ಬೆವರು, ದುಡ್ಡು, ವರ್ಷಗಳು ಎಲ್ಲ ಹೋದದ್ದು ತೊಟ್ಟಿಗೆ. ಪೊಳ್ಳು ಆಸರೆಗೆ ಯಾವಾಗಲೂ ಖರ್ಚು ಜಾಸ್ತಿ. ನಿಮ್ಮ ಬಳೆಗಳನ್ನು ಕೇಳಿದರೂ ಅದನ್ನೇ ಹೇಳುತ್ತವೆ, ಅಲ್ವಾ?

ತೊಟ್ಟಿ ಎಂದರೆ ಏನು ಅಂತ ಯೆರೆಮೀಯನೇ ಐದು ವಚನ ದಾಟಿದ ಮೇಲೆ ಬಿಡಿಸಿ ಹೇಳುತ್ತಾನೆ. ನೈಲ್ ನೀರು ಕುಡಿಯಲು ಐಗುಪ್ತಕ್ಕೆ (ಈಜಿಪ್ಟಿಗೆ) ಯಾಕೆ ಹೋಗುತ್ತೀ, ಯೂಫ್ರೆಟಿಸ್ ನೀರಿಗೆ ಅಶ್ಶೂರಕ್ಕೆ (ಅಸ್ಸೀರಿಯಾಕ್ಕೆ) ಯಾಕೆ ಹೋಗುತ್ತೀ ಎಂದು ಕೇಳುತ್ತಾನೆ. ಮಾತು ನೀರಿನದ್ದಲ್ಲ. ದೊಡ್ಡ ರಾಜರ ಕಾಲು ಹಿಡಿದು ‘ನೀನೇ ಗತಿ’ ಎಂದದ್ದರ ಬಗ್ಗೆ. ಒಂದು ಸಾಧನವನ್ನು ಬಳಸುವುದಕ್ಕೂ ಅದನ್ನೇ ಗತಿ ಎನ್ನುವುದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಒಬ್ಬ ಅಪ್ಪ ಮತ್ತು ಮಗ. ಇಬ್ಬರೂ ಯೆರೂಸಲೇಮಿನ ಅರಸರು, ಇಬ್ಬರ ಕತೆಯಲ್ಲೂ ನೀರಿದೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಅಪ್ಪನ ಹೆಸರು ಆಹಾಜ. ಕ್ರಿ.ಪೂ. 735ರ ಸುಮಾರು. ಪಕ್ಕದ ಎರಡು ರಾಜ್ಯಗಳು ಸೇರಿ ಅವನ ಮೇಲೆ ಬಂದವು. ಗಾಳಿಗೆ ಕಾಡಿನ ಮರಗಳು ಅಲ್ಲಾಡುವ ಹಾಗೆ ಅವನ ಮನಸ್ಸು ಅಲ್ಲಾಡಿತು ಎಂದು ಪ್ರವಾದಿ ಯೆಶಾಯನ ಪುಸ್ತಕ ಹೇಳುತ್ತದೆ. ಆಗ ಯೆಶಾಯ ಅವನನ್ನು ಎಲ್ಲಿ ಭೇಟಿಯಾಗುತ್ತಾನೆ ಗೊತ್ತಾ? ಅರಮನೆಯಲ್ಲಲ್ಲ. ಬಟ್ಟೆ ಒಗೆಯುವವರ ಹೊಲದ ದಾರಿಯಲ್ಲಿ, ಮೇಲಿನ ಕೆರೆಯ ಕಾಲುವೆಯ ಕೊನೆಯಲ್ಲಿ. ಅರಸ ನೀರು ನೋಡಲು ಹೋಗಿದ್ದಿರಬೇಕು. ಮುತ್ತಿಗೆ ಬಿದ್ದರೆ ಊರಿಗೆ ನೀರು ಎಲ್ಲಿಂದ ಅನ್ನುವ ಚಿಂತೆ. ನಿಮ್ಮ ಯಜಮಾನರು ಮಾರ್ಚ್ ತಿಂಗಳಲ್ಲಿ ಬೋರಿನ ಹತ್ತಿರ ನಿಂತು ಪೈಪು ನೋಡುವ ಹಾಗೆ. ಯೆಶಾಯ ಹೇಳಿದ್ದು ಇಷ್ಟೇ: ಹೆದರಬೇಡ, ತಾಳು, ಇವೆರಡೂ ಹೊಗೆಯಾಡುವ ಕೊಳ್ಳಿಯ ತುಂಡುಗಳು. ಬೇಕಾದರೆ ದೇವರ ಹತ್ತಿರ ಒಂದು ಗುರುತು ಕೇಳು ಎಂದೂ ಹೇಳಿದ. ಅದಕ್ಕೆ ಆಹಾಜ ಬಹಳ ಭಕ್ತಿಯಿಂದ, ‘ನಾನು ದೇವರನ್ನು ಪರೀಕ್ಷಿಸುವುದಿಲ್ಲ’ ಎಂದ. ಕೇಳಲು ಎಷ್ಟು ಚೆಂದ! ಒಳಗಿನ ಲೆಕ್ಕವೇ ಬೇರೆ. ದೇವಾಲಯದ ಬೆಳ್ಳಿ ಬಂಗಾರ ತೆಗೆದು ಅಶ್ಶೂರದ ಅರಸನಿಗೆ ಕಳಿಸಿ, ‘ನಾನು ನಿನ್ನ ದಾಸ, ನಿನ್ನ ಮಗ, ಬಂದು ಕಾಪಾಡು’ ಎಂದು ಹೇಳಿ ಕಳಿಸಿದ.

ಇನ್ನೊಂದು ವಿಷಯ. ಅಶ್ಶೂರ ಬಂತು, ಕೆಲಸವೂ ಆಯಿತು! ಮೇಲೆ ಬಂದ ಎರಡು ರಾಜ್ಯಗಳಲ್ಲಿ ಒಂದರ ರಾಜಧಾನಿ ದಮಸ್ಕ ಕ್ರಿ.ಪೂ. 732ರಲ್ಲಿ ಬಿತ್ತು. ಆಹಾಜನಿಗೆ ತನ್ನ ಲೆಕ್ಕ ಸರಿ ಅನಿಸಿರಬೇಕು. ಪೊಳ್ಳು ಆಸರೆಯ ಕಷ್ಟವೇ ಇದು. ಮೊದಲು ಅದು ಕೆಲಸ ಮಾಡುತ್ತದೆ. ಆದರೆ ಆ ಅರಸ ಆಹಾಜನಿಗೆ ಬಲ ಕೊಡಲಿಲ್ಲ, ಕಾಟ ಕೊಟ್ಟ ಎಂದು ಬೈಬಲಿನ ಪೂರ್ವಕಾಲವೃತ್ತಾಂತ ಪುಸ್ತಕದಲ್ಲಿ ಬರೆದಿದೆ. ಮಗನ ಕಾಲಕ್ಕೆ, ಕ್ರಿ.ಪೂ. 701ರಲ್ಲಿ, ಅದೇ ಅಶ್ಶೂರದ ದೊಡ್ಡ ದಂಡು ಯೆರೂಸಲೇಮಿನ ಮುಂದೆ ಬಂದು ನಿಂತಿತು. ಎಲ್ಲಿ ನಿಂತಿತು? ಬಟ್ಟೆ ಒಗೆಯುವವರ ಹೊಲದ ದಾರಿಯಲ್ಲಿ, ಮೇಲಿನ ಕೆರೆಯ ಕಾಲುವೆಯ ಹತ್ತಿರ. ಅಪ್ಪ ನಿಂತು ‘ಬೇಡ’ ಎಂದ ಅದೇ ಜಾಗ. ಅರಸುಗಳ ಎರಡನೇ ಪುಸ್ತಕ ಬರೆದವನು ಈ ಜಾಗದ ಹೆಸರನ್ನು ಸುಮ್ನೆ ಬರೆದಿರಲಿಕ್ಕಿಲ್ಲ.

ಮಗನ ಹೆಸರು ಹಿಜ್ಕೀಯ. ಅವನು ಏನು ಮಾಡಿದ? ಸುರಂಗ ಕೊರೆಸಿದ! ಊರಿನ ಗೋಡೆಯ ಹೊರಗಿದ್ದ ಗೀಹೋನ್ ಬುಗ್ಗೆಯಿಂದ ಒಳಗಿನ ಸಿಲೋವ ಕೊಳದವರೆಗೆ, ಬಂಡೆಯೊಳಗೆ, 533 ಮೀಟರ್. ಇವತ್ತಿಗೂ ಜನ ಅದರಲ್ಲಿ ಮೊಣಕಾಲು ನೀರಿನಲ್ಲಿ ನಡೆದು ಹೋಗುತ್ತಾರೆ. 1880ರಲ್ಲಿ ಅದರೊಳಗೆ ಒಂದು ಬರಹ ಸಿಕ್ಕಿತು. ಎರಡು ಕಡೆಯಿಂದ ಕೊರೆದುಕೊಂಡು ಬಂದವರು ಬಂಡೆಯ ಆಚೆಯಿಂದ ಒಬ್ಬರ ದನಿ ಒಬ್ಬರು ಕೇಳಿಸಿಕೊಂಡರು, ಪಿಕ್ಕಾಸಿಗೆ ಪಿಕ್ಕಾಸು ಎದುರಾಯಿತು, ಆಮೇಲೆ ನೀರು ಹರಿಯಿತು, 1,200 ಮೊಳ, ಎಂದು ಅದರಲ್ಲಿದೆ. ಅರಸನ ಹೆಸರಿಲ್ಲ, ಯಾವ ಹೊಗಳಿಕೆಯೂ ಇಲ್ಲ. ಕೆಲಸದವರ ಸಂತೋಷ ಮಾತ್ರ ಇದೆ. ನಮ್ಮ ಬಾಯಾರಿನಲ್ಲಿ ಒಸರು ಸಿಕ್ಕಿದ ದಿನ ಕೆಲಸದವರು ಹೊರಗೆ ಬಂದು ಕೂಗುತ್ತಿದ್ದುದು ನನಗೆ ನೆನಪಾಗುತ್ತದೆ.

ಹಿಜ್ಕೀಯನ ಈ ಕೆಲಸವನ್ನು ಬೈಬಲ್ ಅವನ ಸಾಧನೆಗಳ ಪಟ್ಟಿಯಲ್ಲೇ ಸೇರಿಸುತ್ತದೆ. ಆದ್ದರಿಂದ ತೋಡುವುದು ಅಪನಂಬಿಕೆ ಅಲ್ಲ. ನಿಮ್ಮ ಬೋರಿನ ಪ್ರಶ್ನೆಗೆ ಉತ್ತರ ಅಲ್ಲಿಗೆ ಮುಗಿಯಿತು. ಆದರೆ ಯೆಶಾಯ ಊರಿನವರಿಗೆ ಒಂದು ಏಟು ಕೊಡುವುದನ್ನು ಮರೆಯುವುದಿಲ್ಲ. 22ನೇ ಅಧ್ಯಾಯದಲ್ಲಿ ಹೇಳುತ್ತಾನೆ: ಎರಡು ಗೋಡೆಗಳ ನಡುವೆ ಕೊಳ ಕಟ್ಟಿದಿರಿ, ಸರಿ, ಆದರೆ ಇದನ್ನೆಲ್ಲ ಉಂಟುಮಾಡಿದವನ ಕಡೆ ಕಣ್ಣೆತ್ತಿ ನೋಡಲಿಲ್ಲ. ಅದೇ ನೀರು, ಅದೇ ಗೋಡೆ. ನೋಡುವ ಕಣ್ಣು ಎಲ್ಲಿತ್ತು ಅನ್ನುವುದು ಅವನ ಪ್ರಶ್ನೆ. ಅಂದ ಹಾಗೆ ಹಿಜ್ಕೀಯನೂ ಸಾಚಾ ಅಲ್ಲ. ಹೆದರಿಕೆಯಲ್ಲಿ ದೇವಾಲಯದ ಬಾಗಿಲಿನ ಬಂಗಾರ ಕೆತ್ತಿ ಅಶ್ಶೂರಕ್ಕೆ ಕೊಟ್ಟಿದ್ದ. ಕೊಟ್ಟ ಮೇಲೂ ದಂಡು ಬಂತು.

ಈಗ ನಿಮ್ಮ ಫೋನಿನ ಪ್ರವಾದಿ.

ನಮ್ಮ ಊರಿನ ಎಷ್ಟೋ ನೆರೆಯವರು ಕಷ್ಟ ಬಂದಾಗ ಜ್ಯೋತಿಷಿಯಿಂದ ಅಷ್ಟಮಂಗಲ ಪ್ರಶ್ನೆ ಇಡಿಸುತ್ತಾರೆ. ಅವರ ನಂಬಿಕೆ ಅವರದು, ನಾನು ಅದರ ಬಗ್ಗೆ ಮಾತಾಡುವವನಲ್ಲ. ನನ್ನ ಜಗಳ ನಮ್ಮವರ ಜೊತೆ. ‘ನಾವು ಪ್ರಶ್ನೆ ಕೇಳುವವರಲ್ಲ, ದೇವರನ್ನು ನಂಬುವವರು’ ಅಂತ ದೊಡ್ಡದಾಗಿ ಹೇಳುತ್ತೇವೆ. ಆಮೇಲೆ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಭವಿಷ್ಯ ಕೇಳುತ್ತೇವೆ. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನೇ ವೀಸಾ ಮಾಡಿಕೊಳ್ಳುತ್ತೇವೆ. ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಬಂದ ‘ಇಂದಿನ ವಾಗ್ದಾನ’ ಚೆನ್ನಾಗಿದ್ದರೆ ದೇವರು ಮಾತಾಡಿದರು, ಚೆನ್ನಾಗಿಲ್ಲದಿದ್ದರೆ ಇನ್ನೊಂದು ಗ್ರೂಪಿನದ್ದು ನೋಡುತ್ತೇವೆ. ದೇವರ ಹೆಸರು ಬರೆದ ಮಾತ್ರಕ್ಕೆ ತೊಟ್ಟಿಯ ಬಿರುಕು ಮುಚ್ಚುವುದಿಲ್ಲ.

ಪ್ರವಾದಿಗಳ ದುಡ್ಡಿನ ವಿಷಯ ಹೊಸದಲ್ಲ. ಯೆಶಾಯನ ಕಾಲದವನೇ ಆದ ಮೀಕ ಎಂಬ ಪ್ರವಾದಿ ಇದನ್ನು ಖಾರವಾಗಿ ಬರೆದಿದ್ದಾನೆ. ಹಲ್ಲಿಗೆ ಏನಾದರೂ ಸಿಕ್ಕಿದರೆ ‘ಸಮಾಧಾನ’ ಎನ್ನುತ್ತಾರೆ, ಬಾಯಿಗೆ ಏನೂ ಹಾಕದವನ ಮೇಲೆ ಯುದ್ಧಕ್ಕೇ ನಿಲ್ಲುತ್ತಾರೆ ಎಂದು. ನಿಮಗೆ ಬಂದ ಸಂದೇಶವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಐದು ಸಾವಿರ ಬಂದಾಗ ‘ಬಾಗಿಲು ತೆರೆಯುತ್ತೆ’. ನಿಂತಾಗ ‘ನಿನ್ನ ನಂಬಿಕೆ ಸಾಲದು’. ಪ್ರವಾದಿ ಎಲೀಷನ ಕತೆಯೂ ನೆನಪಿರಲಿ. ಕುಷ್ಠ ವಾಸಿಯಾದ ನಾಮಾನ ಗಾಡಿ ತುಂಬ ಉಡುಗೊರೆ ತಂದು ತಗೋ ಎಂದು ಅಂಗಲಾಚಿದ. ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಹಿಂದಿನಿಂದ ಓಡಿಹೋಗಿ ಸುಳ್ಳು ಹೇಳಿ ಇಸಿದುಕೊಂಡವನು ಅವನ ಆಳು ಗೇಹಜಿ. ಎಲೀಷನ ಹೆಸರು ಹೇಳಿಕೊಂಡು ಗೇಹಜಿಯ ಕೆಲಸ ಮಾಡುವವರು ಎಲ್ಲ ಕಾಲದಲ್ಲೂ ಇದ್ದಾರೆ. ನಿಮ್ಮ ಸಭೆಯ ಕಾಣಿಕೆ ಪೆಟ್ಟಿಗೆಗೆ ಹತ್ತು ರೂಪಾಯಿ ಹಾಕುವುದು ಬೇರೆ ಮಾತು. ಅಲ್ಲಿ ಯಾರೂ ನಿಮಗೆ ಪ್ರತಿಯಾಗಿ ಬೋರಿನ ನೀರು ಮಾರುವುದಿಲ್ಲ. ವರ್ಷಕ್ಕೊಮ್ಮೆ ಲೆಕ್ಕವನ್ನೂ ಓದುತ್ತಾರೆ.

ನಿಮ್ಮನ್ನು ನೋಡಿ ನಗುವ ಹಕ್ಕು ನನಗಿಲ್ಲ. ಮಗಳ ಮದುವೆಗೆ ಮೂರು ವರ್ಷ ಇದ್ದಾಗ ನಾನೇ ಒಂದು ಹಣಕಾಸು ಸಂಸ್ಥೆಯಲ್ಲಿ ದುಡ್ಡು ಇಟ್ಟೆ. ಹೆಸರು ಬೇಡ. ಬ್ಯಾಂಕಿನ ಎರಡರಷ್ಟಕ್ಕಿಂತ ಜಾಸ್ತಿ ಬಡ್ಡಿ. ಮೊದಲ ಎಂಟು ತಿಂಗಳು ತಾರೀಕು ತಪ್ಪದೆ ಬಡ್ಡಿ ಬಂತು. ‘ದೇವರೇ ದಾರಿ ತೋರಿಸಿದರು’ ಎಂದು ಸಭೆಯಲ್ಲಿ ಸಾಕ್ಷಿ ಹೇಳಿದೆ. ನನ್ನ ಮಾತು ನಂಬಿ ಇನ್ನಿಬ್ಬರು ಇಟ್ಟರು. ಒಂಬತ್ತನೇ ತಿಂಗಳು ಶಟರ್ ಎಳೆದಿತ್ತು. ನನಗೆ ದಾರಿ ತೋರಿಸಿದ್ದು ದೇವರಲ್ಲ, ಬಡ್ಡಿಯ ದರ. ಅದು ನನಗೆ ಒಳಗೆ ಗೊತ್ತಿತ್ತು. ಹೆಂಡತಿಗೆ ಹೇಳದೆ ಇಟ್ಟಿದ್ದೆ, ಅದೇ ಸಾಕ್ಷಿ. ಆ ಇಬ್ಬರಿಗೆ ತಿಂಗಳು ತಿಂಗಳು ಕೊಟ್ಟು ತೀರಿಸಲು ಆರು ವರ್ಷ ಹಿಡಿಯಿತು.

ಅಲ್ಲಿ ಕಲಿತದ್ದನ್ನು ನಿಮಗೆ ಹೇಳಬಲ್ಲೆ. ದೇವರ ಮಾತು ಯಾವುದು ಎಂದು ಕೇಳಿದಿರಲ್ಲ, ಅದಕ್ಕೆ ನನ್ನ ಹತ್ತಿರ ಯಂತ್ರವಿಲ್ಲ. ಆದರೆ ಸುಳ್ಳು ಮಾತಿಗೆ ಒಂದು ವಾಸನೆ ಇರುತ್ತದೆ. ಅದು ಆತುರ ಮಾಡುತ್ತದೆ: ಇವತ್ತೇ, ಈಗಲೇ, 21 ದಿನದೊಳಗೆ. ಅದು ನಿಮ್ಮನ್ನು ಒಂಟಿ ಮಾಡುತ್ತದೆ: ಯಾರಿಗೂ ಹೇಳಬೇಡ, ಅವರಿಗೆ ನಂಬಿಕೆ ಇಲ್ಲ. ಫಲ ಬರದಿದ್ದರೆ ತಪ್ಪು ಯಾವಾಗಲೂ ನಿಮ್ಮದೇ. ನೀವು ಈಗಾಗಲೇ ಎರಡು ಸಲ ಸೇರಿ ಹತ್ತು ಸಾವಿರ ಕಳಿಸಿದ್ದು ಯಜಮಾನರಿಗೆ ಗೊತ್ತಾ? ಪತ್ರದಲ್ಲಿ ಬರೆದಿಲ್ಲ. ಗೊತ್ತಿಲ್ಲದಿದ್ದರೆ ಇವತ್ತು ರಾತ್ರಿ ಊಟ ಆದ ಮೇಲೆ ಹೇಳಿ. ಅವರು ಬೈಯಬಹುದು. ಬೈಯಲಿ. ಅವರೂ ಲಾಟರಿಯ ಲೆಕ್ಕ ಹೇಳಿಯಾರು.

ಹೊಸ ಒಡಂಬಡಿಕೆಯಲ್ಲಿ ಪೌಲ ಥೆಸಲೋನಿಕದವರಿಗೆ ಬರೆಯುವಾಗ ಎರಡು ಮಾತನ್ನು ಜೊತೆಗೇ ಇಡುತ್ತಾನೆ. ಪ್ರವಾದನೆಯನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷಿಸಿ. ಪರೀಕ್ಷಿಸುವುದು ಅಪನಂಬಿಕೆಯಲ್ಲ, ಅಪ್ಪಣೆ. ಗಲ್ಫಿನ ಮಾತನ್ನು ಹಾಗೆ ಪರೀಕ್ಷಿಸಿ. ಮಗನಿಗೆ ಏನನಿಸುತ್ತದೆ? ಅವನ ಕಾಲೇಜಿನ ಮೇಷ್ಟ್ರು ಏನನ್ನುತ್ತಾರೆ? ಗಲ್ಫಿಗೆ ಹೋಗಿ ಬಂದವರು ನಿಮ್ಮ ಬೀದಿಯಲ್ಲೇ ನಾಲ್ಕು ಮಂದಿ ಇದ್ದಾರು, ಅವರನ್ನು ಕೇಳಿದಿರಾ? ಗಲ್ಫಿಗೆ ಹೋಗುವುದು ತಪ್ಪಲ್ಲ. ಕಾಸರಗೋಡಿನ ಎಷ್ಟೋ ಮನೆಗಳ ಅಕ್ಕಿ ಅಲ್ಲಿಂದ ಬಂದದ್ದು. ಆದರೆ ಹುಡುಗನ ಮುಖ ನೋಡದವನು ಹುಡುಗನ ದಾರಿ ಹೇಳುತ್ತಿದ್ದಾನೆ, ಅದೂ ಹತ್ತು ಸಾವಿರದ ಜೊತೆಗೆ ಕಟ್ಟಿ.

ದೇವರ ವಾಕ್ಯ ಕಾಲಿಗೆ ದೀಪ ಎಂದು ಬೈಬಲಿನ ಕೀರ್ತನೆಯಲ್ಲಿದೆ. ಚಿಕ್ಕವನಿದ್ದಾಗ ನಾನು ಅದನ್ನು ಟಾರ್ಚಿನ ಹಾಗೆ ಅಂದುಕೊಂಡಿದ್ದೆ. ಸುರಂಗದ ಕೆಲಸ ನೋಡಿದ ಮೇಲೆ ಅರ್ಥ ಬದಲಾಯಿತು. ಒಳಗೆ ಹೋಗುವವರು ಸಣ್ಣ ದೀಪ ಇಲ್ಲವೇ ಮೇಣದಬತ್ತಿ ಹಿಡಿದು ಹೋಗುತ್ತಾರೆ. ಅದರ ಬೆಳಕು ಮುಂದಿನ ಹೆಜ್ಜೆಗೆ ಸಾಕು, ಸುರಂಗದ ಕೊನೆ ತೋರಿಸುವುದಿಲ್ಲ. ಇನ್ನೊಂದು ಕೆಲಸವೂ ಅದಕ್ಕಿದೆ. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಎಂದರ್ಥ. ತಕ್ಷಣ ಹಿಂದೆ ಬರಬೇಕು. ನಿಮ್ಮ ಮನಸ್ಸಿನಲ್ಲಿ ಈಗ ಬತ್ತಿ ಮಂಕಾಗಿದೆ. ಅದಕ್ಕೇ ನೀವು ಈ ಪತ್ರ ಬರೆದದ್ದು. ಅದನ್ನು ಅಪನಂಬಿಕೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

‘ನಾನು ಸರಿಯಾಗಿ ನಂಬಿದ್ದರೆ ಬೋರ್ ಬತ್ತುತ್ತಿರಲಿಲ್ಲವೇನೋ’ ಅನ್ನುವ ಕೊರಗು ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಅದಕ್ಕೆ ಪ್ರವಾದಿ ಎಲೀಯನ ಕತೆ. ದೊಡ್ಡ ಬರಗಾಲ. ಕೆರೀತ್ ಹಳ್ಳದ ಹತ್ತಿರ ಹೋಗಿ ಅಡಗಿಕೋ ಎಂದು ದೇವರೇ ಕಳಿಸಿದ್ದು. ಅಲ್ಲಿ ಕಾಗೆಗಳು ರೊಟ್ಟಿ, ಮಾಂಸ ತಂದುಕೊಟ್ಟವು. ಸ್ವಲ್ಪ ದಿನವಾದ ಮೇಲೆ ಆ ಹಳ್ಳ ಬತ್ತಿತು. ದೇವರೇ ತೋರಿಸಿದ ಹಳ್ಳ! ಎಲೀಯನ ನಂಬಿಕೆ ಸಾಲದೆ ಬತ್ತಿದ್ದಲ್ಲ. ಮಳೆ ಇರಲಿಲ್ಲ, ಅದಕ್ಕೆ ಬತ್ತಿತು, ಅಷ್ಟೇ ಬರೆದಿದೆ. ಆಮೇಲೆ ಮುಂದಿನ ದಾರಿ ಬಂತು. ಎಲ್ಲಿಗೆ? ಗಡಿ ದಾಟಿ, ಸೀದೋನ್ಯರ ಚಾರೆಪ್ತಕ್ಕೆ. ಯಾರ ಮನೆಗೆ? ಶ್ರೀಮಂತರ ಮನೆಗಲ್ಲ, ಕೊನೆಯ ಹಿಡಿ ಹಿಟ್ಟು ಇಟ್ಟುಕೊಂಡು ಸೌದೆ ಆರಿಸುತ್ತಿದ್ದ ವಿಧವೆಯ ಮನೆಗೆ. ಅವಳ ಮಡಕೆ ತುಂಬಿ ತುಳುಕಿತು ಎಂದು ಎಲ್ಲೂ ಬರೆದಿಲ್ಲ. ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ. ಇದ್ದದ್ದು ಅಷ್ಟೇ ಇತ್ತು, ನಾಳೆಯೂ ಇತ್ತು.

ಗಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ನಮಗೆ ಏನಾಯಿತು ನೆನಪಿದೆಯಾ? ಮಂಗಳೂರಿನ ಆಸ್ಪತ್ರೆಗಳು ನಮ್ಮ ಅಂಗಳದಲ್ಲೇ ಇವೆ ಎಂದುಕೊಂಡಿದ್ದೆವು. ಒಂದು ರಾತ್ರಿಯಲ್ಲಿ ಅವು ಬೇರೆ ದೇಶವಾದವು. ದಾರಿ ಸಿಗದೆ ಜೀವ ಹೋದವರಿದ್ದರು. ಅದನ್ನು ‘ದೇವರ ಪಾಠ’ ಎನ್ನಲು ನನಗೆ ಬಾಯಿ ಬರುವುದಿಲ್ಲ, ಅದು ಮನುಷ್ಯರು ಮಾಡಿದ್ದು. ಆದರೆ ಆ ದಿನಗಳಲ್ಲಿ ನನ್ನ ಬಿ.ಪಿ. ಮಾತ್ರೆ ತಂದುಕೊಟ್ಟವನು ನಾನು ಹತ್ತು ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯವನು. ಬೇಲಿಯ ಜಗಳವಿತ್ತು. ಕಾಗೆ ಎಲ್ಲಿಂದ ಬರುತ್ತದೆ ಎಂದು ಹೇಳಲಾಗದು.

ಹಾಗಾದರೆ ಕೂಡಿಡುವುದು, ವಿಮೆ ಮಾಡಿಸುವುದು, ಸೊಸೈಟಿಯಲ್ಲಿ ದುಡ್ಡು ಹಾಕುವುದು ಅಪನಂಬಿಕೆಯಾ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಆಕಾಶದಿಂದ ಮನ್ನ ಎಂಬ ಆಹಾರ ಬಿತ್ತು. ತಲೆಗೆ ಒಂದು ಓಮೆರ್, ಸುಮಾರು ಎರಡು ಲೀಟರ್. ನಾಳೆಗೆ ಅಂತ ಮುಚ್ಚಿಟ್ಟವರದ್ದು ಹುಳ ಬಿತ್ತು. ಆದರೆ ಆರನೇ ದಿನ ಎರಡರಷ್ಟು ಕೂಡಿಸಿಡಲು ದೇವರೇ ಹೇಳಿದರು, ಅದು ಕೆಡಲಿಲ್ಲ. ಯೋಸೇಫ ಐಗುಪ್ತದಲ್ಲಿ ಏಳು ವರ್ಷ ಐದರಲ್ಲೊಂದು ಪಾಲು ಧಾನ್ಯ ಕಣಜಕ್ಕೆ ಹಾಕಿಸಿದ, ಅದು ಊರೂರನ್ನೇ ಉಳಿಸಿತು. ಎರಡೂ ಕೂಡಿಡುವುದೇ. ಹುಳ ಬಿದ್ದದ್ದು ಹೆದರಿ ಮುಚ್ಚಿಟ್ಟದ್ದಕ್ಕೆ. ಹಾಗಾಗಿ ಸೊಸೈಟಿಗೆ ಧೈರ್ಯವಾಗಿ ಹೋಗಿ. ಮೊದಲು ಬಳೆ ಬಿಡಿಸಿಕೊಳ್ಳಿ. ಬಡ್ಡಿ ಕಟ್ಟುತ್ತಾ ದುಡ್ಡು ಕೂಡಿಡುವುದರಲ್ಲಿ ಅರ್ಥವಿಲ್ಲ.

ಯಜಮಾನರ ಲಾಟರಿ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೇರಳ ಸರ್ಕಾರ ಲಾಟರಿ ಇಲಾಖೆ ಶುರು ಮಾಡಿದ್ದು 1967ರಲ್ಲಿ, ಮೊದಲ ಡ್ರಾ 1968ರ ಜನವರಿ 26ಕ್ಕೆ. ಆಗ ಟಿಕೆಟ್ಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಹುಟ್ಟಿದ್ದೇ ಸರ್ಕಾರಕ್ಕೆ ವರಮಾನ ತರಲು, ಅದನ್ನು ಸರ್ಕಾರ ಮುಚ್ಚಿಟ್ಟಿಲ್ಲ. ನಿಮ್ಮವರು ಕೆಟ್ಟವರಲ್ಲ. ಸೋತವರು. ದಿನಕ್ಕೊಂದು ಟಿಕೆಟು ಅವರಿಗೆ ಮಧ್ಯಾಹ್ನ ಮೂರು ಗಂಟೆಯವರೆಗಿನ ಆಸೆ. ಅದನ್ನು ಕಿತ್ತುಕೊಳ್ಳಲು ಹೋಗಬೇಡಿ. ಇಬ್ಬರೂ ಕೂತು ಒಂದು ತಿಂಗಳು ಒಂದೇ ನೋಟುಬುಕ್ಕಿನಲ್ಲಿ ಬರೆಯಿರಿ: ಈ ಕಡೆ ಅವರ ಟಿಕೆಟು, ಆ ಕಡೆ ನಿಮ್ಮ ಬೀಜ. ನಿಮ್ಮ ಕಾಲಂ ಅವರದಕ್ಕಿಂತ ದೊಡ್ಡದಿರಬಹುದು, ಸಿಟ್ಟು ಮಾಡಿಕೊಳ್ಳಬೇಡಿ.

ಕೊನೆಗೆ ಸುರಂಗ. ದೇವರನ್ನು ನಂಬಿ ಸುರಂಗ ಬಿಡಿಸಿದರೆ ತೋಟ ಹಸಿರಾಗುತ್ತದೆ ಎಂದು ನಾನು ಹೇಳಿದರೆ, ಆ ಪ್ರವಾದಿಗೂ ನನಗೂ ವ್ಯತ್ಯಾಸವಿರುವುದಿಲ್ಲ. ನಿಮ್ಮ ಸುರಂಗ ನಾನು ನೋಡಿಲ್ಲ. ಮಣ್ಣು ಕುಸಿದಿರಬಹುದು, ಒಸರು ನಿಂತಿರಬಹುದು. ಒಂದು ಲೆಕ್ಕ ಮಾತ್ರ ಕೊಡುತ್ತೇನೆ. ಒಂದು ಲೀಟರ್ ಬಾಟಲಿ ತುಂಬಲು 20 ಸೆಕೆಂಡು ಹಿಡಿಯುವ ಹರಿವು ಇದೆ ಎಂದಿಟ್ಟುಕೊಳ್ಳಿ. ನೋಡಲು ಏನೂ ಅಲ್ಲ, ಮಗು ಹೊಯ್ದ ಹಾಗೆ. ಆದರೆ ನಿಮಿಷಕ್ಕೆ 3 ಲೀಟರ್, ಗಂಟೆಗೆ 180, ಹಗಲು ರಾತ್ರಿ ಸೇರಿದರೆ 4,320 ಲೀಟರ್. ಡ್ರಿಪ್ಪಿನಲ್ಲಿ ಒಂದು ಅಡಿಕೆ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಇನ್ನೂರು ಚಿಲ್ಲರೆ ಮರಕ್ಕೆ ಆಯಿತು. ನಿಮ್ಮ ತೋಟದ ಅರ್ಧಕ್ಕೂ ಸಾಲದು. ಉಳಿದ ಮರಗಳ ವಿಷಯ ಕೃಷಿಭವನದಲ್ಲಿ ಕೇಳಿ. ಬುಡಕ್ಕೆ ಸೋಗೆ ಮುಚ್ಚುವುದು, ಗುಡ್ಡದಲ್ಲಿ ಇಂಗುಗುಂಡಿ ತೋಡುವುದು, ಅದೆಲ್ಲ ಅವರಿಗೆ ಗೊತ್ತು.

ಯೆಶಾಯನ ಕಾಲದ ಜನ ಮೆಲ್ಲಗೆ ಹರಿಯುವ ಸಿಲೋವದ ನೀರನ್ನು ತಾತ್ಸಾರ ಮಾಡಿದರಂತೆ. ಅವರಿಗೆ ಯೂಫ್ರೆಟಿಸ್‌ನಂಥ ದೊಡ್ಡ ಹೊಳೆ ಬೇಕಿತ್ತು. ಹೊಳೆ ಬಂತು, ಅಶ್ಶೂರದ ರೂಪದಲ್ಲಿ ಕುತ್ತಿಗೆವರೆಗೆ ಬಂತು ಎಂದು ಅವನು ಬರೆಯುತ್ತಾನೆ.

ಸುರಂಗಕ್ಕೆ ನೀವಾಗಲಿ ಮಗನಾಗಲಿ ಇಳಿಯಬೇಡಿ. ಆ ಕೆಲಸ ಬಲ್ಲವರು ಎಣ್ಮಕಜೆ, ಬಾಯಾರು ಕಡೆ ಇನ್ನೂ ಇದ್ದಾರೆ, ಅವರನ್ನು ಕರೆಸಿ. ಮಳೆಗಾಲದಲ್ಲಿ ಬೇಡ, ಮಣ್ಣು ಸಡಿಲ ಇರುತ್ತದೆ. ಬಾವಲಿ, ಹಾವು ಎರಡೂ ಇರಬಹುದು. ದೀಪ ಮುಂದೆ ಹೋಗಲಿ, ಆಮೇಲೆ ಮನುಷ್ಯ. ಬಿಡಿಸಿದ ಮೇಲೆ ಜನವರಿಯಲ್ಲಿ ಅಳೆದು ಖುಷಿಪಡಬೇಡಿ. ಏಪ್ರಿಲ್ ಕೊನೆಗೆ ಅಳೆಯಿರಿ. ಬಾಟಲಿ ತುಂಬಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಅದೇ ನೋಟುಬುಕ್ಕಿನಲ್ಲಿ ಬರೆಯಿರಿ, ನನಗೂ ತಿಳಿಸಿ. ಕೆಲಸದವರು ಬಂದ ದಿನ ಅತ್ತೆಯನ್ನು ಕೈ ಹಿಡಿದು ಸುರಂಗದ ಬಾಯಿಯವರೆಗೆ ಕರೆದುಕೊಂಡು ಹೋಗಿ. ಒಳಗೆ ಯಾವ ಕವಲಿನಲ್ಲಿ ಒಸರು ಇತ್ತು ಎಂದು ಆ ಮನೆಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ ಇರಬೇಕು.